ಹೋಟೆಲ್ ಸಿಬ್ಬಂದಿಯ ಊಟ: ಏನು, ಎಷ್ಟು, ಯಾವ ಹೊತ್ತಿಗೆ?



ದಿಲ್‌ಸುಖ್‌ನಗರದಲ್ಲಿ ಹೋಟೆಲ್ ನಡೆಸುವವರ ದಿನಚರಿ ಎಲ್ಲರಿಗೂ ತಿಳಿದದ್ದೇ. ಬೆಳಗ್ಗೆ ಕೋಚಿಂಗ್ ಕ್ಲಾಸಿಗೆ ಓಡುವವರಿಗೆ ಇಡ್ಲಿ, ಮಧ್ಯಾಹ್ನ ಹಾಸ್ಟೆಲ್ ಹುಡುಗರಿಗೆ ಊಟ, ಸಂಜೆ ಮೆಟ್ರೋ ಇಳಿದು ಬರುವವರಿಗೆ ಕಾಫಿ, ಬಜ್ಜಿ, ರಾತ್ರಿ ಮತ್ತೆ ದೋಸೆ. ಈ ರಷ್‌ಗಳ ನಡುವೆ ಸಿಕ್ಕ ಸಂದಿಯಲ್ಲಿ ನಮ್ಮ ಸಿಬ್ಬಂದಿಯ ಊಟ. ಬೆಳಗ್ಗೆ ಐದಕ್ಕೆ ಎದ್ದವನಿಗೆ ಮೊದಲ ತುತ್ತು ಹನ್ನೊಂದಕ್ಕೆ, ಮಧ್ಯಾಹ್ನದ ಊಟ ನಾಲ್ಕಕ್ಕೆ, ರಾತ್ರಿಯದು ಶಟರ್ ಎಳೆದ ಮೇಲೆ. ನಡುವೆ ಹಸಿವಾದರೆ ಕಾಫಿ, ಕೈಗೆ ಸಿಕ್ಕ ಒಂದು ವಡೆ. ನೂರಾರು ಜನರಿಗೆ ಬಡಿಸುವ ಕೈ ತನ್ನ ಹೊಟ್ಟೆಗೆ ಹೊತ್ತಿಗೆ ಸರಿಯಾಗಿ ಅನ್ನ ಕಾಣುವುದಿಲ್ಲ ಎಂಬುದು ವಿಚಿತ್ರವಾದರೂ ನಿಜ. ಗಲ್ಲೆಯಲ್ಲಿ ಕೂತ ಮಾಲೀಕರ ಪಾಡೂ ಇದಕ್ಕಿಂತ ಹೆಚ್ಚು ಬೇರೆಯಿಲ್ಲ. ಎದೆಯುರಿ, ಸಕ್ಕರೆ ಕಾಯಿಲೆ, ಬೊಜ್ಜು ನಮ್ಮ ಉದ್ಯಮದವರಲ್ಲಿ ಇಷ್ಟೊಂದು ಕಾಣುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಅಭಿಪ್ರಾಯ.

ಈ ವಿಷಯದಲ್ಲಿ ಸಲಹೆಗೆ ನಾವು ದೂರ ಹೋಗಬೇಕಿಲ್ಲ. ನಮ್ಮದೇ ಊರಿನ ತಾರ್ನಾಕಾದಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆ ಇದೆ. 1918ರಲ್ಲಿ ಕೂನೂರಿನಲ್ಲಿ ಮೆಕ್‌ಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗದ ಸಂಶೋಧನೆಗೆಂದು ಆರಂಭಿಸಿದ ಚಿಕ್ಕ ಘಟಕವೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಬಂತು. ಬೆರಿಬೆರಿ ಎಂದರೆ ಪಾಲಿಶ್ ಮಾಡಿದ ಬಿಳಿ ಅಕ್ಕಿಯನ್ನೇ ನಂಬಿ ಉಂಡವರಿಗೆ ಬಿ-1 ಜೀವಸತ್ವ ಸಾಲದೆ ಬರುತ್ತಿದ್ದ ಕಾಯಿಲೆ. ನಮ್ಮ ಕರಾವಳಿಯ ಕುಚ್ಚಲಕ್ಕಿಯಲ್ಲಿ ಈ ಜೀವಸತ್ವ ಹೆಚ್ಚು ಉಳಿಯುತ್ತದೆ, ಏಕೆಂದರೆ ಭತ್ತ ಬೇಯುವಾಗಲೇ ಅದು ಹೊಟ್ಟಿನ ಪದರದಿಂದ ಕಾಳಿನೊಳಗೆ ಇಳಿದಿರುತ್ತದೆ. ಕುಂದಾಪುರದ ಕಡೆಯ ಹುಡುಗರು ಬೆಳಗ್ಗೆ ಗಂಜಿ ಕೇಳಿದರೆ ನಗಬೇಡಿ ಎಂದು ಹೇಳುವುದು ಇದಕ್ಕೇ. ಈಗ ಅಡುಗೆಮನೆಯಲ್ಲಿ ಒಡಿಶಾದ ಹುಡುಗರೂ ಇದ್ದಾರೆ. ಅವರ ಊರಿನ ಪಖಾಲ ನಮ್ಮ ತಂಗಳನ್ನದ ತಮ್ಮನೇ. ಆದ್ದರಿಂದ ಬೆಳಗ್ಗೆ ಒಲೆ ಹೊತ್ತಿಸಿದ ಕೂಡಲೇ ಒಂದು ಪಾತ್ರೆ ಬಿಸಿ ಗಂಜಿ ಇಟ್ಟು, ಮೊದಲ ಗಿರಾಕಿ ಬರುವ ಮುಂಚೆ ಎಲ್ಲರೂ ಒಂದೊಂದು ಬಟ್ಟಲು ಉಂಡರೆ, ಹನ್ನೊಂದರವರೆಗೆ ಕಾಫಿಯ ಆಸರೆ ಬೇಕಾಗುವುದಿಲ್ಲ.

ಇನ್ನು ಪ್ರಮಾಣ. ಇದೇ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2000 ಕ್ಯಾಲರಿಯ ಒಂದು ದಿನದ ತಟ್ಟೆಯ ಲೆಕ್ಕವಿದೆ: ಧಾನ್ಯ 250 ಗ್ರಾಂ, ಬೇಳೆಕಾಳು 85, ತರಕಾರಿ ಮತ್ತು ಸೊಪ್ಪು 400, ಹಣ್ಣು 100, ಕಡಲೆಕಾಯಿಯಂಥ ಬೀಜಗಳು 35, ಎಣ್ಣೆ 27 ಗ್ರಾಂ, ಹಾಲು ಅಥವಾ ಮೊಸರು 300 ಮಿ.ಲೀ. ಇಪ್ಪತ್ತು ಜನ ಸಿಬ್ಬಂದಿಯಿರುವ ಹೋಟೆಲಿಗೆ ಇದನ್ನು ಗುಣಿಸಿ ನೋಡೋಣ. ದಿನಕ್ಕೆ ಬೇಳೆಕಾಳು 1.7 ಕಿಲೋ, ತರಕಾರಿ 8 ಕಿಲೋ, ಹಾಲು-ಮೊಸರು 6 ಲೀಟರ್, ಎಣ್ಣೆ ಕೇವಲ 540 ಗ್ರಾಂ. ಬೆಂಕಿಯ ಮುಂದೆ ದಿನವಿಡೀ ನಿಲ್ಲುವವನಿಗೆ ಅನ್ನ, ರೊಟ್ಟಿ ಸ್ವಲ್ಪ ಹೆಚ್ಚೇ ಬೇಕು, ಸರಿ. ಆದರೆ ನಮ್ಮಲ್ಲಿ ಆಗುತ್ತಿರುವುದೇನು? ಬೇಳೆ ಎಂದರೆ ಮೇಲಿನ ನೀರು ಸಾಂಬಾರು, ತರಕಾರಿ ಎಂದರೆ ಮಸಾಲೆ ದೋಸೆಗೆ ಮಾಡಿ ಉಳಿದ ಆಲೂಗಡ್ಡೆ ಪಲ್ಯ, ಎಣ್ಣೆ ಮಾತ್ರ ಧಾರಾಳ. ಆಲೂಗಡ್ಡೆಯನ್ನು ದಯವಿಟ್ಟು ತರಕಾರಿಯ ಲೆಕ್ಕಕ್ಕೆ ಹಿಡಿಯಬೇಡಿ.

ಸರೂರ್‌ನಗರದ ರೈತು ಬಜಾರ್ ಹತ್ತಿರದಲ್ಲೇ ಇದೆ. ಅಲ್ಲಿ ತೋಟಕೂರ, ಪಾಲಕೂರ, ಪುಂಡಿ ಸೊಪ್ಪು ಕಟ್ಟುಗಟ್ಟಲೆ ಸಿಗುತ್ತದೆ. ಸೊಪ್ಪು ಬೆರೆಸಿದ ಗಟ್ಟಿ ಬೇಳೆ ಒಂದಿದ್ದರೆ ಸಿಬ್ಬಂದಿಯ ಅರ್ಧ ಊಟ ಮುಗಿದಂತೆ. ಹುರುಳಿಯನ್ನು ಇಲ್ಲಿ ಉಲವಲು ಎನ್ನುತ್ತಾರೆ. ವಾರಕ್ಕೆ ಎರಡು ದಿನ ಹುರುಳಿ ಸಾರು ಮಾಡಿದರೆ ಊರಿನ ನೆನಪೂ ಆಯಿತು, ಕಾಳೂ ಹೊಟ್ಟೆ ಸೇರಿತು. ಉತ್ತರ ಕರ್ನಾಟಕದ ಹುಡುಗರಿದ್ದರೆ ಜೋಳದ ರೊಟ್ಟಿಗೆ ಬೇರೆ ಹೇಳಬೇಕಿಲ್ಲ, ಇಲ್ಲಿಯೂ ಜೊನ್ನ ರೊಟ್ಟೆ ತಟ್ಟುವವರಿದ್ದಾರೆ.

ಬಾಣಲೆಯಲ್ಲಿ ಉಳಿದ ಎಣ್ಣೆಯಿಂದ ಸಿಬ್ಬಂದಿಯ ಪಲ್ಯಕ್ಕೆ ಒಗ್ಗರಣೆ ಹಾಕುವ ಅಭ್ಯಾಸ ಕೆಲವು ಕಡೆ ಇದೆ. ಕರಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು ಶೇ. 25 ಮೀರಿದರೆ ಅದನ್ನು ಅಡುಗೆಗೆ ಬಳಸಕೂಡದೆಂದು 2018ರ ಜುಲೈ 1ರಿಂದ ನಿಯಮವಿದೆ. ಈ ನಿಯಮ ಗಿರಾಕಿಯ ತಟ್ಟೆಗೆ ಮಾತ್ರ ಎಂದು ಯಾರೂ ತಿಳಿಯಬಾರದು. ಹಾಗೆಯೇ ಮಧ್ಯಾಹ್ನದ ಅನ್ನ ಆರಿಹೋಗಿ ಗಂಟೆಗಟ್ಟಲೆ ಹೊರಗಿದ್ದರೆ, ಅದನ್ನು ರಾತ್ರಿ ಬಿಸಿ ಮಾಡಿ ಉಣ್ಣಿಸುವುದೂ ಅಪಾಯ. ಬಿಸಿಯಾಗಿಡುವ ಅಡುಗೆ 60 ಡಿಗ್ರಿಗಿಂತ ಕೆಳಗೆ ಇಳಿಯಬಾರದು. ಅಡುಗೆಯವನಿಗೇ ಹೊಟ್ಟೆ ಕೆಟ್ಟರೆ ಮರುದಿನ ಅವನ ಕೈಯ ಚಟ್ನಿ ಎಲ್ಲಿಗೆ ಹೋಗುತ್ತದೆಂದು ಯೋಚಿಸಿ.

ಕಾಫಿ, ಚಹಾ ಬಗ್ಗೆ ಹೇಳಿದರೆ ನಮ್ಮವರಿಗೆ ಕೋಪ ಬರುತ್ತದೆ. ಆದರೂ ಹೇಳಲೇಬೇಕು. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಇವು ಬೇಡವೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ಇವುಗಳಲ್ಲಿರುವ ಟ್ಯಾನಿನ್ ಆಹಾರದ ಕಬ್ಬಿಣದ ಅಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಸೊಪ್ಪಿನ ಬೇಳೆ ಉಂಡು ಕೈ ತೊಳೆದ ಕೂಡಲೇ ಡಿಕಾಕ್ಷನ್ ಬಗ್ಗಿಸಿದರೆ ಸೊಪ್ಪಿಗೆ ಹಾಕಿದ ಹಣದಲ್ಲಿ ಒಂದು ಪಾಲು ವ್ಯರ್ಥ. ಕೆಫೀನ್ ದಿನಕ್ಕೆ 300 ಮಿ.ಗ್ರಾಂ ದಾಟಬಾರದಂತೆ. ಜೊತೆಗೆ ಪ್ರತಿ ಕಪ್ಪಿನ ಸಕ್ಕರೆಯನ್ನೂ ಕೂಡಿಸಿಕೊಳ್ಳಿ. ಕಾವಲಿಯ ಮುಂದೆ ನಿಲ್ಲುವವರಿಗೆ ಕಾಫಿಗಿಂತ ಮಜ್ಜಿಗೆ ನೀರು ಹಿತ. ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುವ ಊರಿದು, ಒಲೆಯ ಬಳಿ ಹೇಗಿರಬೇಡ! ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯುವಂತೆ ಕೈಗೆಟಕುವ ಜಾಗದಲ್ಲಿ ಕೊಡ ಇಡಬೇಕು.

ಇಷ್ಟೆಲ್ಲ ಆಗಬೇಕಾದರೆ ಮಾಲೀಕರು ಮಾಡಬೇಕಾದ ಮುಖ್ಯ ಕೆಲಸ ಒಂದೇ: ಸಿಬ್ಬಂದಿಯ ಊಟವನ್ನು ಉಳಿಕೆಯಿಂದ ಬಿಡಿಸಿ ಬೇರೆ ಅಡುಗೆಯಾಗಿ ಮಾಡಿಸುವುದು, ಅದರ ಸಾಮಾನನ್ನು ಲೆಕ್ಕದ ಪುಸ್ತಕದಲ್ಲಿ ಬೇರೆ ಬರೆಯುವುದು. ಬರೆಯದಿದ್ದರೆ ರಷ್ ಬಂದ ದಿನ ಮೊದಲು ಮಾಯವಾಗುವುದು ಅದೇ. ಮಧ್ಯಾಹ್ನ ಹನ್ನೆರಡಕ್ಕೆ ಅರ್ಧ ಜನ, ಮೂರಕ್ಕೆ ಉಳಿದರ್ಧ. ರಾತ್ರಿ ಏಳೂವರೆಯಿಂದ ನಾಲ್ಕು ನಾಲ್ಕು ಜನರಂತೆ ಸರದಿ. ಸಪ್ಲೈಯರ್ ಉಣ್ಣುವಾಗ ಅವನ ಟೇಬಲನ್ನು ಪಕ್ಕದವನು ನೋಡಿಕೊಳ್ಳಲಿ. ಕ್ಲೀನರ್ ಹುಡುಗರನ್ನು ಕೊನೆಯ ಪಂಕ್ತಿಗೆ ತಳ್ಳುವ ಪದ್ಧತಿ ಬೇಡ. ರಾತ್ರಿ ಶಟರ್ ಎಳೆದ ಮೇಲೆ ಹಸಿವಾದವರಿಗೆ ಒಂದು ಬಾಳೆಹಣ್ಣು, ಒಂದು ಲೋಟ ಹಾಲು ಸಾಕು.

ವರ್ಷಕ್ಕೊಮ್ಮೆ ಸಿಬ್ಬಂದಿಯ ವೈದ್ಯಕೀಯ ತಪಾಸಣೆ ಹೇಗೂ ಕಡ್ಡಾಯ. ಆ ದಿನ ರಕ್ತದ ಹಿಮೋಗ್ಲೋಬಿನ್, ಸಕ್ಕರೆ ಮತ್ತು ರಕ್ತದೊತ್ತಡವನ್ನೂ ನೋಡಿಸಿ. ಗಲ್ಲೆಯಲ್ಲಿ ಕೂತವರೂ ಅದೇ ಸಾಲಿನಲ್ಲಿ ನಿಂತು ತಮ್ಮ ತೋಳು ಚಾಚಲಿ.