ವ್ಯಾಪಾರದ ಬೆಳೆಗೆ ನೀಳಹಣ್ಣಿನ ಸಂಕರ ಟೊಮ್ಯಾಟೋ ತಳಿಯನ್ನು ಆರಿಸತಕ್ಕ ಕ್ರಮ

ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು, ಚಿಂತಾಮಣಿ ಈ ಪ್ರಾಂತಗಳಲ್ಲಿ ಕೊಳವೆಬಾವಿಯ ನೀರನ್ನು ನಂಬಿರುವ ರೈತರಿಗೆ ಟೊಮ್ಯಾಟೋ ಮುಖ್ಯವಾದ ಹಣದ ಬೆಳೆಯೆಂಬುದು ಸರ್ವರಿಗೂ ತಿಳಿದ ವಿಷಯ. ಗೊಬ್ಬರ, ಊರುಗೋಲು, ದಾರ, ಔಷಧಿ, ಕೂಲಿ ಇವುಗಳಿಗೆ ಬಹು ಹಣ ತಗಲುವುದು. ಅದರಲ್ಲಿ ಹೆಚ್ಚು ಭಾಗವನ್ನು ಅನೇಕರು ಸಾಲವಾಗಿ ತರುವರು. ಬೀಜದ ಖರ್ಚು ಇವುಗಳ ಮುಂದೆ ಅಲ್ಪವೇ ಆದರೂ, ಉಳಿದ ಖರ್ಚೆಲ್ಲವೂ ಸಾರ್ಥಕವಾಗುವುದು ಬೀಜದ ಆಯ್ಕೆಯಿಂದ. ತಳಿಯು ತಪ್ಪಾಯಿತೆಂದು ತಿಳಿಯುವ ಹೊತ್ತಿಗೆ ನಾಟಿಯಾಗಿ ಎರಡು ತಿಂಗಳು ಕಳೆದಿರುವುದು. ಆಗ ತಿದ್ದಿಕೊಳ್ಳಲು ಉಪಾಯವಿಲ್ಲ.

ನೀಳಹಣ್ಣಿನ ಗುಣದೋಷಗಳು.— ಮೊಟ್ಟೆಯಂತೆ ನೀಳವಾದ ಹಣ್ಣಿನಲ್ಲಿ ಬೀಜದ ಕೋಣೆಗಳು ಸಾಮಾನ್ಯವಾಗಿ ಎರಡು ಅಥವಾ ಮೂರೇ ಇರುವುವು; ತಿರುಳು ದಪ್ಪ, ರಸ ಕಡಮೆ. ಆದುದರಿಂದ ಇದು ಪೆಟ್ಟಿಗೆಯಲ್ಲಿ ಜಜ್ಜದೆ ದೂರ ಪ್ರಯಾಣವನ್ನು ತಡೆಯುವುದು. ಸಾರ ಬತ್ತಿಸುವ ಕಾರ್ಖಾನೆಗೂ ಒಗ್ಗುವುದು. ಆದರೆ ಹಣ್ಣಿನ ತುದಿಯು ಕಪ್ಪಾಗಿ ಕೊಳೆಯುವ ದೋಷವು ಗುಂಡುಹಣ್ಣಿಗಿಂತ ಇದರಲ್ಲಿ ಹೆಚ್ಚು. ಬೆಳೆಯುವ ಕಾಯಿಗೆ ಸುಣ್ಣದ ಅಂಶವು ಸಾಲದಿರುವುದೇ ಇದಕ್ಕೆ ಕಾರಣ. ನೀರನ್ನು ಒಮ್ಮೆ ಒಣಗಿಸಿ ಒಮ್ಮೆ ತುಂಬುವುದರಿಂದ ಇದು ಪ್ರಬಲಿಸುವುದು. ನೀರನ್ನು ಸಮನಾಗಿ ಒದಗಿಸಲಾರದವರು ನೀಳಹಣ್ಣಿಗೆ ಕೈಹಾಕದಿರುವುದು ಲೇಸು.

ಮಾರಾಟದ ವಿಚಾರ.— ಹಣ್ಣನ್ನು ಕೊಳ್ಳುವವರು ಯಾರೆಂಬುದನ್ನು ಬೀಜ ಕೊಳ್ಳುವುದಕ್ಕೆ ಮುಂಚೆಯೇ ನಿಶ್ಚಯಿಸಬೇಕು. ದೂರದ ಪೇಟೆಗೆ ಹೋಗತಕ್ಕ ಹಣ್ಣು ಗಟ್ಟಿಯಾಗಿಯೂ ಗಾತ್ರದಲ್ಲಿ ಸಮನಾಗಿಯೂ ಇರಬೇಕು. ಕಾರ್ಖಾನೆಗೆ ಕೊಡುವುದಾದರೆ ಗಾತ್ರಕ್ಕಿಂತ ಕಡುಗೆಂಪು ಬಣ್ಣವೂ ರಸದಲ್ಲಿ ಕರಗಿದ ಸಾರಾಂಶವೂ ಮುಖ್ಯ. ತೊಟ್ಟಿನ ಗಂಟಿಲ್ಲದ ತಳಿಯಾದರೆ ಹಣ್ಣು ತೊಟ್ಟನ್ನು ಬಿಟ್ಟು ಬರುವುದರಿಂದ ಪಕ್ಕದ ಹಣ್ಣನ್ನು ಚುಚ್ಚುವುದಿಲ್ಲ. ಹತ್ತಿರದ ಸಂತೆಯಲ್ಲಿ ಹುಳಿಹಣ್ಣನ್ನೇ ಕೇಳುವವರಿದ್ದರೆ ನೀಳಹಣ್ಣಿಗೆ ಗಿರಾಕಿ ಕಡಮೆ. ೨೦೨೩ನೆಯ ಜುಲೈಯಲ್ಲಿ ಕೋಲಾರದಲ್ಲಿ ೧೫ ಕಿಲೋ ತೂಕದ ಬಾಕ್ಸಿನ ಬೆಲೆಯು ೨,೦೦೦ ರೂಪಾಯಿಗಳನ್ನು ಮೀರಿತು. ಅಂತಹ ಬೆಲೆಯನ್ನು ನೆನೆದು ಬಿತ್ತುವವನು ಮೋಸಹೋಗುವನು. ಬೆಲೆ ಇಳಿದ ದಿನದಲ್ಲಿಯೂ ನಷ್ಟ ಕೊಡದ ತಳಿಯನ್ನೇ ಆರಿಸಬೇಕು.

ಭೂಮಿಯ ರೋಗವನ್ನು ಮೊದಲು ತಿಳಿಯುವುದು.— ಹಿಂದಿನ ಬೆಳೆಯಲ್ಲಿ ಹಸುರಾಗಿದ್ದ ಗಿಡವು ಹಠಾತ್ತಾಗಿ ಬಾಡಿದ್ದರೆ, ಅಂತಹ ಗಿಡದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗಿಸದೆ ಹಿಡಿಯಬೇಕು. ಸ್ವಲ್ಪ ಹೊತ್ತಿನಲ್ಲಿ ಹಾಲಿನ ಎಳೆಯಂತಹ ದ್ರವ ಇಳಿದರೆ ಅದು ದುಂಡಾಣುವಿನ ಸೊರಗುರೋಗ. ಎಳೆ ಇಳಿಯದೆ, ಕಾಂಡದ ಒಳನಾಳ ಕಂದಾಗಿದ್ದು, ಕೆಳಗಿನ ಎಲೆಗಳು ಮೊದಲು ಹಳದಿಯಾಗಿದ್ದರೆ ಶಿಲೀಂಧ್ರದ ಸೊರಗುರೋಗವಿರಬಹುದು. ಒಂದಕ್ಕೆ ತಡೆಯುಳ್ಳ ತಳಿಯು ಇನ್ನೊಂದಕ್ಕೆ ತಡೆಯಾಗದು. ಬೇಸಗೆಯಲ್ಲಿ ಬಿಳಿನೊಣವು ಹರಡುವ ಎಲೆಮುದುಡು ರೋಗವೂ ಇದೆ. ಬೇಸಗೆಯ ನಾಟಿಗೆ ಈ ರೋಗವನ್ನು ತಡೆಯುವ ತಳಿಯು ಅವಶ್ಯಕ. ಬೇರುಗಂಟಿನ ಜಂತುಹುಳುವಿಗೆ ತಡೆಯುಳ್ಳ ತಳಿಗಳಿರುವುವಾದರೂ, ಮಣ್ಣಿನ ಉಷ್ಣತೆಯು ೨೮ ಡಿಗ್ರಿ ಸೆಂಟಿಗ್ರೇಡನ್ನು ಮೀರಿದರೆ ಆ ಶಕ್ತಿಯು ಕುಂದುವುದು.

ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನ ಸಂಸ್ಥೆಯ ಅರ್ಕ ರಕ್ಷಕ್ ಎಂಬ ಸಂಕರವು ಎಲೆಮುದುಡು, ದುಂಡಾಣು ಸೊರಗು, ಮುಂಗಾರು ಅಂಗಮಾರಿ ಈ ಮೂರನ್ನೂ ತಡೆಯತಕ್ಕದ್ದು. ಅದರ ಹಣ್ಣು ನೀಳವಲ್ಲ, ಚೌಕಗುಂಡು. ಹೀಗಿದ್ದರೂ ಸೊರಗುರೋಗ ಬೇರೂರಿದ ಜಮೀನಿನಲ್ಲಿ, ತಡೆಯಿಲ್ಲದ ನೀಳಹಣ್ಣಿಗಿಂತ ತಡೆಯುಳ್ಳ ಚೌಕಗುಂಡೇ ಮೇಲು; ಸತ್ತ ಗಿಡದ ಹಣ್ಣಿಗೆ ಆಕಾರವಿಲ್ಲ. ಇದರೊಡನೆ ಬದನೆ, ಮೆಣಸಿನಕಾಯಿ, ಆಲೂಗಡ್ಡೆಯ ಹಿಂದೆಯೇ ಟೊಮ್ಯಾಟೋ ಹಾಕದೆ, ನಡುವೆ ರಾಗಿ ಅಥವಾ ಜೋಳದ ಫಸಲನ್ನು ತೆಗೆಯುವುದು ಉತ್ತಮ.

ಬೀಜದ ವಿಚಾರ.— ಸಂಕರವೆಂದರೆ ಎರಡು ಬೇರೆ ಶುದ್ಧ ತಳಿಗಳನ್ನು ಕೂಡಿಸಿ ಪಡೆದ ಮೊದಲನೆಯ ತಲೆಮಾರಿನ ಬೀಜ. ಇದರ ಹಣ್ಣಿನ ಬೀಜವನ್ನು ಮತ್ತೆ ಬಿತ್ತಿದರೆ ಗಿಡಗಳು ಒಂದೊಂದು ವಿಧವಾಗುವುವು. ಆದುದರಿಂದ ಪ್ರತಿ ಬೆಳೆಗೂ ಹೊಸ ಬೀಜವನ್ನು ಕೊಳ್ಳಬೇಕು. ರೋಮಾ, ಪಂಜಾಬ್ ಛುಹಾರಾ, ಪೂಸಾ ಗೌರವ್ ಇವು ಸಂಕರಗಳಲ್ಲ. ಇವುಗಳ ಬೀಜವನ್ನು ಇಟ್ಟುಕೊಳ್ಳಬಹುದು. ಸಾಲಿಗೆ ೪ ಅಡಿ, ಗಿಡಕ್ಕೆ ಒಂದೂವರೆ ಅಡಿ ಅಂತರವಾದರೆ ಎಕರೆಗೆ ೭,೨೬೦ ಸಸಿಗಳು ಹಿಡಿಯುವುವು. ಗ್ರಾಮಿಗೆ ಸುಮಾರು ೩೦೦ ಬೀಜಗಳಿರುವುದರಿಂದ, ಮೊಳೆಯದುದನ್ನೂ ಸಾಯುವುದನ್ನೂ ಸೇರಿಸಿ ೩೫ ಗ್ರಾಂ ಬೀಜ ಸಾಕು. ಪೊಟ್ಟಣ ಮತ್ತು ರಸೀತಿಗಳನ್ನು ಕೊಯ್ಲು ಮುಗಿಯುವ ತನಕ ಜೋಪಾನವಾಗಿಡಬೇಕು. ಬೀಜದಲ್ಲಿ ಮೋಸವಾದರೆ ಇವೇ ಸಾಕ್ಷಿ.

ಪರೀಕ್ಷೆ.— ನೆರೆಯವನ ಹೊಲದ ಫಸಲನ್ನು ನೋಡಿ ಎಕರೆಗಟ್ಟಲೆ ಹಾಕುವುದು ಸರಿಯಲ್ಲ. ಎರಡು ಮೂರು ತಳಿಗಳನ್ನು ಒಂದೊಂದು ಗುಂಟೆಯಲ್ಲಿ, ಒಂದೇ ದಿನ ನಾಟಿಮಾಡಿ, ಒಂದೇ ಗೊಬ್ಬರ ನೀರುಗಳನ್ನು ಕೊಟ್ಟು, ಸತ್ತ ಗಿಡಗಳನ್ನೂ ಪ್ರತಿ ಕೊಯ್ಲಿನ ತೂಕವನ್ನೂ ಬರೆದಿಡಬೇಕು. ಒಂದು ತಳಿಯು ೪೪ ಬಾಕ್ಸು ಕೊಟ್ಟು ಅದರಲ್ಲಿ ೧೦ ಕಳಪೆಯಾದರೆ ಉಳಿದುದು ೩೪. ಇನ್ನೊಂದು ೪೦ ಕೊಟ್ಟು ೩ ಮಾತ್ರ ಕಳಪೆಯಾದರೆ ಉಳಿದುದು ೩೭. ಎರಡನೆಯದೇ ಲಾಭದ ತಳಿ. ಹತ್ತು ಹಣ್ಣುಗಳನ್ನು ನೆರಳಿನಲ್ಲಿಟ್ಟು ಎಷ್ಟು ದಿನ ಗಟ್ಟಿಯಾಗಿರುವುವೆಂಬುದನ್ನೂ ನೋಡತಕ್ಕದ್ದು.

ಸಣ್ಣ ರೈತನಿಗೆ ಒಂದು ಗುಂಟೆಯನ್ನು ಪರೀಕ್ಷೆಗೆ ಬಿಡುವುದೂ ಕಷ್ಟ. ಜಮೀನುದಾರರು ತಮ್ಮ ತೋಟದಲ್ಲಿ ಈ ಪರೀಕ್ಷೆಯನ್ನು ನಡೆಯಿಸಿ, ಗ್ರಾಮದ ಮುಖಂಡರು ಕೊಯ್ಲಿನ ದಿನ ಊರಿನವರನ್ನು ಕರೆದು ಲೆಕ್ಕವನ್ನು ಓದಿ ಹೇಳಿದರೆ, ಒಬ್ಬರ ಶ್ರಮದಿಂದ ಅನೇಕ ಕುಟುಂಬಗಳು ಸಾಲದ ಬಾಧೆಯಿಂದ ಪಾರಾಗುವುವು.