ಮೊಟ್ಟೆ ಮತ್ತು ಆಹಾರ ಸುರಕ್ಷತೆ

ಕಡಿಮೆ ವೆಚ್ಚದಲ್ಲಿ ಉತ್ತಮ ದರ್ಜೆಯ ಪ್ರೋಟೀನನ್ನು ಒದಗಿಸುವ ಆಹಾರಗಳಲ್ಲಿ ಮೊಟ್ಟೆಯೂ ಒಂದು. ಚಿಪ್ಪು ಶುಭ್ರವಾಗಿದ್ದರೆ ಒಳಗಿನ ಭಾಗವೂ ಶುದ್ಧವಾಗಿರುತ್ತದೆಂದು ಅನೇಕರು ನಂಬುತ್ತಾರೆ. ಈ ನಂಬಿಕೆ ಎಲ್ಲ ಸಂದರ್ಭಗಳಲ್ಲಿಯೂ ಸರಿಯಲ್ಲ.

'ಸಾಲ್ಮೊನೆಲ್ಲಾ' ಎಂಬ ಬ್ಯಾಕ್ಟೀರಿಯ ಎರಡು ಮಾರ್ಗಗಳಿಂದ ಮೊಟ್ಟೆಯನ್ನು ಸೇರುತ್ತದೆ. ಕೋಳಿಯ ಹಿಕ್ಕೆಯಿಂದ ಚಿಪ್ಪಿಗೆ ಅಂಟಿಕೊಂಡ ರೋಗಾಣುಗಳು ಬಿರುಕುಗಳ ಹಾಗೂ ಸೂಕ್ಷ್ಮ ರಂಧ್ರಗಳ ಮೂಲಕ ಒಳನುಗ್ಗುವುದು ಮೊದಲನೆಯ ಮಾರ್ಗ. ಕೋಳಿಯ ಅಂಡಾಶಯಕ್ಕೇ ಸೋಂಕು ತಗುಲಿದ್ದರೆ, ಚಿಪ್ಪು ರೂಪುಗೊಳ್ಳುವ ಮೊದಲೇ ರೋಗಾಣುಗಳು ಒಳಗೆ ಸೇರಿರುವುದು ಎರಡನೆಯದು. ಇಂತಹ ಮೊಟ್ಟೆಯ ಬಣ್ಣ, ವಾಸನೆಗಳಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ.

ಈ ರೋಗಾಣುವನ್ನು ಚೆನ್ನಾಗಿ ಬೇಯಿಸಿ ನಾಶಪಡಿಸಬಹುದು. ಆಹಾರದ ಒಳಭಾಗವೂ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬೇಕು. ಬಿಳಿಯ ಭಾಗದಂತೆ ಹಳದಿಯ ಭಾಗವೂ ಗಟ್ಟಿಯಾಗುವವರೆಗೆ ಬೇಯಿಸುವುದು ಇದಕ್ಕೆ ಸುಲಭವಾದ ಗುರುತು. ಹಸಿ ಮೊಟ್ಟೆಯನ್ನು ಹಾಲಿಗೆ ಬೆರೆಸಿ ಕುಡಿಯುವ ರೂಢಿ ಸುರಕ್ಷಿತವಲ್ಲ.

ಹಸಿ ಮೊಟ್ಟೆಯ ಭಂಡಾರವನ್ನು ಎಣ್ಣೆಯೊಡನೆ ಕಡೆದು ಮಾಡುವ ಮೇಯನೇಸ್ ಯಾವ ಹಂತದಲ್ಲಿಯೂ ಬೇಯುವುದಿಲ್ಲ. ಅದನ್ನು ಬೆಚ್ಚಗಿನ ಸ್ಥಳದಲ್ಲಿ ಗಂಟೆಗಟ್ಟಲೆ ಇರಿಸಿದರೆ ರೋಗಾಣುಗಳು ವೇಗವಾಗಿ ವೃದ್ಧಿಯಾಗಬಹುದು. ಈ ಕಾರಣದಿಂದ 2024ರ ಅಕ್ಟೋಬರಿನಲ್ಲಿ ತೆಲಂಗಾಣ ಸರ್ಕಾರವು ಹಸಿ ಮೊಟ್ಟೆಯ ಮೇಯನೇಸನ್ನು ಒಂದು ವರ್ಷದ ಅವಧಿಗೆ ನಿಷೇಧಿಸಿತು. 2025ರ ಏಪ್ರಿಲಿನಲ್ಲಿ ತಮಿಳುನಾಡು ಸರ್ಕಾರವೂ ಇಂತಹುದೇ ಕ್ರಮ ಕೈಗೊಂಡಿತು.

ಗೃಹಿಣಿಯರೂ ಉಪಾಹಾರ ಗೃಹಗಳನ್ನು ನಡೆಸುವವರೂ ಕೆಳಗಿನ ಮುನ್ನೆಚ್ಚರಿಕೆಗಳನ್ನು ಪಾಲಿಸುವುದು ಅವಶ್ಯಕ:

1. ಬಿರುಕು ಬಿಟ್ಟ ಅಥವಾ ಹಿಕ್ಕೆ ಮೆತ್ತಿದ ಮೊಟ್ಟೆಗಳನ್ನು ಕೊಳ್ಳಬಾರದು.

2. ಮೊಟ್ಟೆಗಳನ್ನು ತೊಳೆದು ಶೇಖರಿಸಿಡಬಾರದು. ತೊಳೆದಾಗ ಚಿಪ್ಪಿನ ಮೇಲಿನ ಸಹಜ ರಕ್ಷಾಪೊರೆ ಹಾಳಾಗಿ, ನೀರಿನೊಡನೆ ರೋಗಾಣುಗಳು ಒಳಸೇರಬಹುದು.

3. ಹಸಿ ಮೊಟ್ಟೆಯನ್ನು ಮುಟ್ಟಿದ ಕೈಗಳನ್ನೂ ಪಾತ್ರೆಗಳನ್ನೂ ಸಾಬೂನಿನಿಂದ ತೊಳೆಯಬೇಕು.

4. ಬೇಯಿಸಿದ ಪದಾರ್ಥವನ್ನು ಎರಡು ಗಂಟೆಗಳೊಳಗೆ ಸೇವಿಸಬೇಕು. ಇಲ್ಲವೇ ರೆಫ್ರಿಜರೇಟರಿನಲ್ಲಿ ಇಡಬೇಕು.

ಸೋಂಕು ತಗುಲಿದ 6ರಿಂದ 72 ಗಂಟೆಗಳೊಳಗೆ ಸಾಮಾನ್ಯವಾಗಿ ಜ್ವರ, ಹೊಟ್ಟೆನೋವು, ವಾಂತಿ, ಭೇದಿ ಕಾಣಿಸಿಕೊಳ್ಳುತ್ತವೆ. ಬಹುತೇಕ ರೋಗಿಗಳು ಕೆಲವು ದಿನಗಳಲ್ಲಿ ಗುಣಹೊಂದುತ್ತಾರೆ. ಆದರೆ ಹಸುಗೂಸುಗಳು, ಗರ್ಭಿಣಿಯರು, ವೃದ್ಧರು ಹಾಗೂ ರೋಗನಿರೋಧಕ ಶಕ್ತಿ ಕುಂದಿದವರಿಗೆ ಈ ಸೋಂಕು ಪ್ರಾಣಾಪಾಯವನ್ನೂ ತರಬಲ್ಲದು. ಭೇದಿ ಆರಂಭವಾದೊಡನೆ ಓ.ಆರ್.ಎಸ್. ದ್ರಾವಣವನ್ನು ಕುಡಿಸಬೇಕು. ಮಲದಲ್ಲಿ ರಕ್ತ ಕಂಡರೆ, ಜ್ವರ ಇಳಿಯದಿದ್ದರೆ ಅಥವಾ ಮಗು ನಿತ್ರಾಣಗೊಂಡರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.