ಕಾಲಾಳನ್ನು ಕೊಟ್ಟು ಕಾಲವನ್ನು ಕೊಳ್ಳುವುದು

ಚದುರಂಗದಲ್ಲಿ ಕಾಯಿಗೆ ಬೆಲೆಯುಂಟೆಂಬುದನ್ನು ಹೊಸಬನೂ ಬಲ್ಲನು. ಕಾಲಕ್ಕೂ ಬೆಲೆಯುಂಟೆಂಬುದು ಸೋತ ಬಳಿಕ ತಿಳಿಯುತ್ತದೆ. ಯಲಹಂಕದ ರೈಲು ನಿಲ್ದಾಣದಲ್ಲಿ ಗಾಡಿ ಹೊರಡುವ ಹೊತ್ತಿಗೆ ಒಬ್ಬನು ಒಂದು ಗಂಟನ್ನು ಬಿಟ್ಟು ಹತ್ತಿಬಿಡುತ್ತಾನೆ. ಇನ್ನೊಬ್ಬನು ಗಂಟುಗಳನ್ನೆಣಿಸುತ್ತ ಅಲ್ಲಿಯೇ ಉಳಿಯುತ್ತಾನೆ. ಗ್ಯಾಂಬಿಟ್ ಎಂಬ ಆರಂಭಗಳ ತತ್ತ್ವವೂ ಇದೇ.

ಇವುಗಳಲ್ಲಿ ಉಗ್ರವಾದುದೊಂದನ್ನು 1820ರ ದಶಕದಲ್ಲಿ ವೇಲ್ಸಿನ ನಾವಿಕ ಇವಾನ್ಸ್ ಬಳಕೆಗೆ ತಂದನು. ಮುಂದಿನ ಶತಮಾನದಲ್ಲಿ ದೊಡ್ಡ ಪಂದ್ಯಗಳಿಂದ ಅದು ಬಹುಮಟ್ಟಿಗೆ ಮರೆಯಾಗಿತ್ತು. 1995ರಲ್ಲಿ ರಿಗಾ ನಗರದ ತಾಲ್ ಸ್ಮಾರಕ ಪಂದ್ಯಾವಳಿಯಲ್ಲಿ ಕಾಸ್ಪರೋವ್ ಅದನ್ನು ನಮ್ಮ ವಿಶ್ವನಾಥನ್ ಆನಂದರ ಎದುರು ಹೂಡಿದರು. ಇಷ್ಟು ಹಳೆಯ ಆಯುಧವನ್ನು ಹೊರತೆಗೆದುದೇ ಅರ್ಧ ಗೆಲುವೆಂದು ನಮಗೆ ತೋರುತ್ತದೆ.

ಮಣೆಯನ್ನು ಮುಂದಿಟ್ಟುಕೊಳ್ಳೋಣ. ಬಿಳಿಯ ಪಕ್ಷದ ಎಡಗಡೆಯಿಂದ ಸಾಲುಗಳು ಎ, ಬಿ, ಸಿ ಎಂದು ಎಚ್‌ವರೆಗೆ. ಮನೆಗಳು ಅದರ ಕಡೆಯಿಂದ 1ರಿಂದ 8. ಮೊದಲು ರಾಜನ ಕಾಲಾಳುಗಳು ಇ4, ಇ5ಕ್ಕೆ. ಕುದುರೆಗಳು ಎಫ್3, ಸಿ6ಕ್ಕೆ. ಒಂಟೆಗಳು ಸಿ4, ಸಿ5ಕ್ಕೆ ಬಂದವು. ನಾಲ್ಕನೆಯ ನಡೆಯಲ್ಲಿ ಬಿಳಿಯ ಕಾಲಾಳು ಬಿ4ಕ್ಕೆ ನುಗ್ಗಿತು. ಕರಿಯ ಒಂಟೆ ಅದನ್ನು ಕಡಿಯಿತು. ಬಿಳಿಯ ಕಾಲಾಳು ಸಿ3ಕ್ಕೆ ಬಂದಾಗ ಆ ಒಂಟೆ ಇ7ಕ್ಕೆ ಹಿಂದೆಗೆಯಿತು. ಆರನೆಯ ನಡೆಗೆ ಮತ್ತೊಂದು ಕಾಲಾಳು ಡಿ4ಕ್ಕೆ ಏರಿತು. ಕೊಟ್ಟುದು ಒಂದು ಕಾಲಾಳು. ಪಡೆದುದು ನಡುಮಣೆ ಮತ್ತು ಸಮಯ.

ಆ ಸಮಯ ಎಲ್ಲಿಗೆ ಹೋಯಿತು? ಕರಿಯ ರಾಜನ ಕುದುರೆಯನ್ನು ನೋಡಿರಿ: ಎಫ್6, ಡಿ5, ಬಿ6, ಡಿ7, ಇ5, ಎಫ್7, ಎಚ್6—ಏಳು ಹೆಜ್ಜೆ ನಡೆದು ಅಲ್ಲಿಯೇ ಮಡಿಯಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು 64 ಮನೆಗಳಲ್ಲಿಯೂ ಸುತ್ತಿಸಿದುದು ವಿನೋದಕ್ಕಾಗಿ. ಇಲ್ಲಿಯ ತಿರುಗಾಟ ಬಹುಪಾಲು ಬಲವಂತದ್ದು. ಕರಿಯ ಪಕ್ಷದ 24 ನಡೆಗಳಲ್ಲಿ 11 ಕುದುರೆಗಳವೇ.

ಹದಿನೈದನೆಯ ನಡೆಯಲ್ಲಿ ಬಿಳಿಯ ಒಂಟೆ ಎಚ್6ಕ್ಕೆ ಬಂದು ಎಫ್8ನ್ನು ದಿಟ್ಟಿಸಿತು. ರಾಜನು ಕೋಟೆ ಕಟ್ಟಿಕೊಳ್ಳಲು ಹಾಯಬೇಕಾದ ಮನೆ ಅದು, ದಾರಿ ಮುಚ್ಚಿತು. ಕರಿಯ ಪಕ್ಷ ಎರಡನೆಯ ಕಾಲಾಳನ್ನೂ ಕಡಿಯಿತು. ಆದರೆ 22ನೆಯ ನಡೆಯಲ್ಲಿ ಮಂತ್ರಿ ಇ3ರಿಂದ ಚೆಕ್ ಕೊಟ್ಟಾಗ ರಾಜನು ಎಫ್7ಕ್ಕೆ ಕಾಲಿಡಬೇಕಾಯಿತು.

ಬಿಳಿಯ ಆನೆ ಇ1ಕ್ಕೆ ಬಂದ 25ನೆಯ ನಡೆಗೆ ಆನಂದರು ಸೋಲೊಪ್ಪಿದರು. ಆ ಸ್ಥಿತಿಯನ್ನು ಮಣೆಯ ಮೇಲೆ ಜೋಡಿಸಿ ನೋಡಿರಿ: ಕರಿಯ ಪಕ್ಷಕ್ಕೆ ಎರಡು ಕಾಲಾಳು ಹೆಚ್ಚು, ಅದರ ಎರಡು ಆನೆಗಳೂ ಹುಟ್ಟಿದ ಮನೆಯಲ್ಲಿಯೇ ಇವೆ, ಬಿ4ರವರೆಗೆ ಹೋದ ಒಂಟೆಯೂ ಎಫ್8ಕ್ಕೆ ಮರಳಿದೆ.